ಸ್ಮಾರ್ಟ್ ವಾಚ್‌ನ ಹಿಂದಿನ ಮನುಷ್ಯರು

ಕಲ್ಲೋಳಿ, ಮೂಡಲಗಿ ತಾಲ್ಲೂಕು

ಮಗಳೇ,

ಪಿಯುಸಿ ಮುಗಿಯಿತು, ಮುಂದೆ ಸೈಬರ್ ಸೆಕ್ಯುರಿಟಿಯೋ ಕ್ರಿಮಿನಾಲಜಿಯೋ ಎಂದು ಕೇಳಿದ್ದೀ. ಅಪ್ಪ ಕಂಪ್ಯೂಟರ್ ಕಡೆ, ಮಾವ ಪೊಲೀಸ್ ನೌಕರಿ ಕಡೆ ಎಳೆಯುತ್ತಿದ್ದಾರೆಂದೂ ಬರೆದಿದ್ದೀ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಲ್ಲಿ ಈ ಬೇಸಿಗೆಯಲ್ಲಿ ಇದೇ ಮಾತು ನಡೆದಿದೆ. ಅದಕ್ಕೇ ಕಾಕಾ ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆದಿದ್ದಾನೆ.

ಎರಡನ್ನೂ ಓದಬೇಕು. ಯಾಕೆಂಬುದನ್ನು ತಿಳಿಯಲು ಗೋಕಾಕದ ತನಕ ಹೋಗಿ ಬಂದರೆ ಸಾಕು.

2022ರ ಆಗಸ್ಟ್ 7ರಂದು ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ಕಿರಿಯ ಸಹಾಯಕ ಹುದ್ದೆಗಳಿಗೆ ಪರೀಕ್ಷೆ ಇತ್ತು. ಗೋಕಾಕದ ಕೇಂದ್ರವೊಂದರಲ್ಲಿ ಅಭ್ಯರ್ಥಿಯೊಬ್ಬ ಸ್ಮಾರ್ಟ್ ವಾಚ್‌ನಿಂದ ಪ್ರಶ್ನೆಪತ್ರಿಕೆಯ ಫೋಟೊ ತೆಗೆದು ಟೆಲಿಗ್ರಾಂನಲ್ಲಿ ಹೊರಗೆ ಕಳಿಸಿದ, ಹೊರಗಿದ್ದವರು ಉತ್ತರಗಳನ್ನು ಬ್ಲೂಟೂತ್ ಮೂಲಕ ಒಳಗಿದ್ದವರ ಕಿವಿಗೆ ಮುಟ್ಟಿಸಿದರು ಎಂಬುದು ಪೊಲೀಸರ ಆರೋಪ. ತನಿಖೆ ಗದಗದವರೆಗೂ ಹೋಯಿತು. ಬೆಳಗಾವಿ ಜಿಲ್ಲಾ ಪೊಲೀಸರು ಒಬ್ಬರ ಹಿಂದೆ ಒಬ್ಬರಂತೆ ಹಲವರನ್ನು ಬಂಧಿಸಿದರು. ನಮ್ಮ ಸುತ್ತಲಿನ ಹಳ್ಳಿಗಳ ಹುಡುಗರ ಹೆಸರೂ ಪತ್ರಿಕೆಗಳಲ್ಲಿ ಬಂದವು.

ಇದರಲ್ಲಿ ತಂತ್ರಜ್ಞಾನ ಎಷ್ಟಿತ್ತು ಹೇಳು? ಒಂದು ವಾಚು, ಒಂದು ಆ್ಯಪು, ಕಿವಿಗೆ ಸಿಕ್ಕಿಸುವ ಒಂದು ಗುಂಡಿ. ಎಲ್ಲವೂ ಪೇಟೆಯಲ್ಲಿ ಸಿಗುವ ಸಾಮಾನು. ಆದರೆ ಇಂಥ ಪ್ರಕರಣ ನಡೆಯಬೇಕಾದರೆ ಹೊಲ ಮಾರಿಯಾದರೂ ಮಗನಿಗೆ ಸರ್ಕಾರಿ ನೌಕರಿ ಕೊಡಿಸಬೇಕೆನ್ನುವ ಮನೆ ಬೇಕು, ಆ ಆಸೆಯ ವಾಸನೆ ಹಿಡಿಯುವ ದಲ್ಲಾಳಿ ಬೇಕು, ‘ಎಲ್ಲಾರೂ ಮಾಡತಾರ, ನಾವೊಬ್ಬರ ಏನು’ ಎಂಬ ಸಮಾಧಾನವೂ ಬೇಕು. ತಪ್ಪು ಮಾಡುವವನು ಮೊದಲು ತನ್ನ ಮನಸ್ಸಿಗೇ ನೆಪ ಹೇಳಿಕೊಳ್ಳುತ್ತಾನೆ ಎಂಬುದನ್ನು ಅಮೆರಿಕದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಒಂದು ಸಿದ್ಧಾಂತವಾಗಿ ಬರೆದರು. ಅದು ಕ್ರಿಮಿನಾಲಜಿಯ ಪಾಠ. ವಾಚಿನಿಂದ ಅಳಿಸಿದ ಫೋಟೊವನ್ನು ಮತ್ತೆ ಹೊರತೆಗೆಯುವುದು ಸೈಬರ್ ಪಾಠ. ಮೊದಲನೆಯದು ಮಾತ್ರ ಗೊತ್ತಿದ್ದವರಿಗೆ ಕೋರ್ಟಿನಲ್ಲಿ ಹೇಳಲು ಸಾಕ್ಷ್ಯವಿರುವುದಿಲ್ಲ. ಎರಡನೆಯದು ಮಾತ್ರ ಗೊತ್ತಿದ್ದವರಿಗೆ ಫೋಟೊ ಸಿಗುತ್ತದೆ, ದಲ್ಲಾಳಿ ಸಿಗುವುದಿಲ್ಲ.

ಇನ್ನೊಂದು ಸಂಗತಿ ಹೇಳಲು ಕಾಕಾನಿಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು. ಪೊಲೀಸರ ಸೋಗಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಒಂದು ಕರೆಯನ್ನು ವಿಜಯಪುರದ ಒಬ್ಬರು ಧೈರ್ಯದಿಂದ ರೆಕಾರ್ಡ್ ಮಾಡಿಕೊಂಡರು. ಅದನ್ನು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ದೇಶಕ್ಕೆಲ್ಲ ಕೇಳಿಸಿದರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲವೆಂದು ಎಲ್ಲೆಡೆ ಪ್ರಚಾರವಾಯಿತು. ಐದು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ, ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ವೃದ್ಧ ದಂಪತಿ ಅಂಥದೇ ಕರೆಗೆ ಹೆದರಿ 50 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡು, ಕೊನೆಗೆ ಜೀವವನ್ನೂ ಕಳೆದುಕೊಂಡರು.

ಅವರ ಫೋನನ್ನು ಯಾರೂ ಹ್ಯಾಕ್ ಮಾಡಬೇಕಾಗಲಿಲ್ಲ. ಇಂಥ ಕರೆಗಳು ಮನುಷ್ಯರನ್ನೇ ಒಡೆಯುತ್ತವೆ: ಮೊದಲು ಅಧಿಕಾರಿಯ ಗತ್ತು, ಆಮೇಲೆ ಮಾನ ಹೋಗುವ ಭಯ, ಕೊನೆಗೆ ‘ಯಾರಿಗೂ ಹೇಳಬೇಡಿ’ ಎಂಬ ಕಟ್ಟಪ್ಪಣೆ. ಅಕ್ಕಪಕ್ಕದವರನ್ನು ದೂರ ಮಾಡುವ ಆ ಮೂರನೆಯ ಮೆಟ್ಟಿಲೇ ಎಲ್ಲಕ್ಕಿಂತ ಕ್ರೂರ. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದ್ದು ಇದನ್ನೇ: ಕದಿಯುವ ಮನಸ್ಸಿನವನು, ಸುಲಭಕ್ಕೆ ಸಿಗುವ ಗುರಿ, ಕಾಯುವವರು ಇಲ್ಲದ ಹೊತ್ತು, ಈ ಮೂರು ಕೂಡಿದಲ್ಲಿ ಅಪರಾಧ. ಮಕ್ಕಳೆಲ್ಲ ಪುಣೆ, ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿವೆ, ಒಮ್ಮೆ ಎಣಿಸಿ ನೋಡು. ಮೋಸ ಹೋದವರನ್ನು ದಡ್ಡರು ಎನ್ನುವವರ ಜೊತೆ ನೀನು ಎಂದೂ ದನಿ ಕೂಡಿಸಬೇಡ. ಆ ಮಾತಿಗೆ ಹೆದರಿಯೇ ಎಷ್ಟೋ ಜನ ದೂರು ಕೊಡುವುದಿಲ್ಲ.

ಕರೆ ಮಾಡುವ ಕಡೆಯನ್ನೂ ನೋಡು. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರ ಪೊಲೀಸರು ನಕಲಿ ಕಾಲ್ ಸೆಂಟರ್ ಒಂದರ ಮೇಲೆ ದಾಳಿ ಮಾಡಿ 33 ಜನರನ್ನು ಹಿಡಿದರು. ಅಲ್ಲಿಂದ ಅಮೆರಿಕದವರಿಗೆ ಕರೆ ಮಾಡಿ ವಂಚಿಸುತ್ತಿದ್ದರೆಂಬುದು ಆರೋಪ. ಬಂಧಿತರಲ್ಲಿ ಬೇರೆ ಬೇರೆ ರಾಜ್ಯಗಳ ಯುವಕ ಯುವತಿಯರಿದ್ದರು. ಓದಿದ ಮಕ್ಕಳು ಇಂಥ ಕುರ್ಚಿಯಲ್ಲಿ ಹೇಗೆ ಬಂದು ಕೂಡುತ್ತಾರೆ ಎಂಬ ಪ್ರಶ್ನೆಗೆ ಲ್ಯಾಪ್‌ಟಾಪ್ ಬಿಚ್ಚಿದರೆ ಉತ್ತರ ಸಿಗದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 86,420. ಅದರಲ್ಲಿ 21,889 ಕರ್ನಾಟಕದವು, ಬೇರಾವ ರಾಜ್ಯದಲ್ಲೂ ಇಷ್ಟಿರಲಿಲ್ಲ. ನಮ್ಮಲ್ಲಿ ದೂರು ದಾಖಲಿಸಿಕೊಳ್ಳುವ ಠಾಣೆಗಳಿರುವುದೂ ಇದಕ್ಕೆ ಒಂದು ಕಾರಣವೆಂದು ಕಾಕಾನ ಅಂದಾಜು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಈಗ ಜಿಲ್ಲೆಗಳಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ.

ಸಾಕ್ಷ್ಯದ ವಿಷಯಕ್ಕೆ ಬರೋಣ. ನೀನು ಮನಸ್ಸಿಟ್ಟು ಕಲಿಯಬೇಕಾದ್ದು ಇದು. ಕಂಪ್ಯೂಟರಿನಲ್ಲಿ ‘ಕಲ್ಲೋಳಿ’ ಎಂಬ ಒಂದೇ ಪದವಿರುವ ಫೈಲ್ ಮಾಡಿ, ಅದಕ್ಕೆ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆ. ಅಂಕಿ ಅಕ್ಷರ ಬೆರೆತ 64 ಚಿಹ್ನೆಗಳ ಒಂದು ಸಾಲು ಬರುತ್ತದೆ. ಈಗ ಒತ್ತಕ್ಷರವೊಂದನ್ನು ತೆಗೆದು ‘ಕಲೋಳಿ’ ಎಂದು ಮಾಡಿ ಮತ್ತೆ ತೆಗೆ. ಹಳೆಯ ಸಾಲಿನ ಗುರುತೇ ಉಳಿದಿರುವುದಿಲ್ಲ. ವಶಪಡಿಸಿಕೊಂಡ ಫೋನಿನೊಳಗಿನದನ್ನು ಆಮೇಲೆ ಯಾರೂ ಮುಟ್ಟಿಲ್ಲವೆಂದು ತೋರಿಸುವುದು ಹೀಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವೇ ಇದೆ. ನಮ್ಮೂರ ಹೆಸರು ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನದಿಂದ ಇತಿಹಾಸದ ಪುಸ್ತಕ ಸೇರಿದ್ದು ನಿನಗೆ ಗೊತ್ತು. ಕಲ್ಲಿನ ಮೇಲಿನ ಅಕ್ಷರವನ್ನು ತಿದ್ದಿದರೆ ಉಳಿಯ ಗುರುತು ಕಣ್ಣಿಗೆ ಕಾಣುತ್ತದೆ. ಫೈಲಿನ ಮೇಲೆ ಆ ಗುರುತು ಕಾಣುವುದಿಲ್ಲ, ಹ್ಯಾಶ್ ಅದನ್ನು ಕಾಣಿಸುತ್ತದೆ.

ಎಲ್ಲಿ ಓದುವುದು? ದೂರ ಹೋಗಲೇಬೇಕೆಂದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವಿದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ಅಪರಾಧಶಾಸ್ತ್ರ ಕಲಿಸುತ್ತಾರೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಎರಡೂ ವಿಷಯ ಒಂದೇ ಪದವಿಯಲ್ಲಿ ಸಿಗದಿದ್ದರೆ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಮಾಡಿ, ಆಮೇಲೆ ಕ್ರಿಮಿನಾಲಜಿಯಲ್ಲಿ ಸ್ನಾತಕೋತ್ತರ ಮಾಡಬಹುದು. ಈ ಕ್ರಮವೇ ಕಾಕಾನಿಗೆ ಹೆಚ್ಚು ಸರಿ ಕಾಣುತ್ತದೆ. ನೆಟ್‌ವರ್ಕ್, ಲಿನಕ್ಸ್, ಪ್ರೋಗ್ರಾಮಿಂಗ್‌ಗೆ ಎಳೆ ವಯಸ್ಸಿನ ಕೈ ಪಳಗಬೇಕು, ಮನುಷ್ಯರ ಬಗ್ಗೆ ಓದುವುದು ವಯಸ್ಸು ಕೂಡಿದಷ್ಟೂ ರುಚಿಸುತ್ತದೆ. ಇವೆರಡನ್ನು ಬೆಸೆದು ‘ಸೈಬರ್ ಕ್ರಿಮಿನಾಲಜಿ’ಗೆ ಒಂದು ಅಂತರರಾಷ್ಟ್ರೀಯ ಪತ್ರಿಕೆಯನ್ನೇ 2007ರಲ್ಲಿ ಶುರು ಮಾಡಿದವರು ತಮಿಳುನಾಡಿನ ಪ್ರಾಧ್ಯಾಪಕ ಕೆ. ಜೈಶಂಕರ್. ಆಗ ಅವರು ಪಾಠ ಮಾಡುತ್ತಿದ್ದದ್ದು ತಿರುನೆಲ್ವೇಲಿಯಲ್ಲಿ, ಯಾವ ದೊಡ್ಡ ಮಹಾನಗರದಲ್ಲೂ ಅಲ್ಲ. ಕನ್ನಡ ಮಾಧ್ಯಮದವಳೆಂದು ಹಿಂಜರಿಯಬೇಡ. ಠಾಣೆಗೆ ಬರುವ ಅಜ್ಜಿಯ ಮಾತು ಅರ್ಥವಾಗುವ ತನಿಖಾಧಿಕಾರಿ ಈ ಭಾಗಕ್ಕೆ ಬೇಕೇ ಬೇಕು.

ನೌಕರಿ ಖಂಡಿತ ಎಂದು ಕಾಕಾ ಹೇಳುವುದಿಲ್ಲ. ಸಿಇಎನ್ ಠಾಣೆ, ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ, ಬ್ಯಾಂಕುಗಳ ವಂಚನೆ ತಡೆ ವಿಭಾಗ, ಇವು ನೀನು ಕಣ್ಣಿಡಬಹುದಾದ ಜಾಗಗಳು.

ಎರಡು ವಿಷಯದಲ್ಲಿ ಮಾತ್ರ ಈಗಿನಿಂದಲೇ ಎಚ್ಚರವಿರಲಿ. ಕಲಿತದ್ದನ್ನು ಗೆಳತಿಯ ಇನ್‌ಸ್ಟಾಗ್ರಾಂ ಮೇಲಾಗಲಿ ಕಾಲೇಜಿನ ವೈಫೈ ಮೇಲಾಗಲಿ ಪರೀಕ್ಷಿಸಬೇಡ. ಅನುಮತಿ ಇಲ್ಲದೆ ಕದ್ದು ಒಳಹೊಕ್ಕರೆ ಐಟಿ ಕಾಯ್ದೆಯ 66ನೆಯ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇನ್ನೊಂದು, ‘ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳ ಮಟ್ಟಿಗೆ ಕೊಡು, ರೊಕ್ಕ ಕೊಡತೀನಿ’ ಎಂದು ಹಾಸ್ಟೆಲ್ಲಿಗೆ ಬರುವವರು. ಕದ್ದ ಹಣ ಹರಿಯುವುದು ಇಂಥ ಬಾಡಿಗೆ ಖಾತೆಗಳಲ್ಲೇ, ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಲ್ಲಿ.

ಶನಿವಾರ ಹಣಮಪ್ಪನ ಗುಡಿಗೆ ಬರುವಾಗ ಆ ವಿಶ್ವವಿದ್ಯಾಲಯಗಳ ಸಿಲೆಬಸ್ ಪ್ರಿಂಟ್ ತೆಗೆಸಿಕೊಂಡು ಬಾ. ಸಾಕ್ಷ್ಯ ಕಾನೂನಿನ ಪೇಪರ್ ಯಾವ ಸೆಮಿಸ್ಟರಿನಲ್ಲಿದೆ, ಪ್ರಾಯೋಗಿಕ ತರಗತಿಗೆ ವಾರಕ್ಕೆ ಎಷ್ಟು ತಾಸು ಇಟ್ಟಿದ್ದಾರೆ ಎಂದು ಕೂಡಿ ನೋಡೋಣ. ಬರುವ ದಾರಿಯಲ್ಲಿ ಆಯಿಯ ಮನೆಗೆ ಹೋಗಿ, ಅವಳ ಫೋನಿನಲ್ಲಿ ಸೈಬರ್ ವಂಚನೆಯ ದೂರು ಕೊಡುವ 1930 ನಂಬರನ್ನು ನಿನ್ನ ನಂಬರಿನ ಕೆಳಗೇ ಸೇವ್ ಮಾಡಿಕೊಟ್ಟು ಬಾ.

ನಿನ್ನ ಕಾಕಾ