ಜಾಗ ಮಾಡಲು ಅಪ್ಪನ ಫೋಟೊ ಅಳಿಸಬೇಡ

ಮಗೂ, ‘ಸ್ಟೋರೇಜ್ ಫುಲ್’ ಅಂತ ಬಂದ ಕೂಡಲೇ ನೀನು ಮಾಡುವ ಮೊದಲ ಕೆಲಸ ಗ್ಯಾಲರಿ ತೆಗೆದು, ಒಂದೇ ತರಹ ಕಾಣುವ ಫೋಟೊಗಳನ್ನು ಒತ್ತಿ ಒತ್ತಿ ಅಳಿಸುವುದು. ನಿನ್ನ ವಯಸ್ಸಿನವರೆಲ್ಲ ಹಾಗೇ ಮಾಡುವುದನ್ನು ನೋಡಿದ್ದೇನೆ. ಅದೂ ಎಂಥ ಹೊತ್ತಿನಲ್ಲಿ! ಹಾಲ್‌ಟಿಕೆಟ್ ಡೌನ್‌ಲೋಡ್ ಆಗದೆ ಇದ್ದಾಗ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತುಹೋದಾಗ. ಅವಸರದಲ್ಲಿ ಕೈ ಹೋಗುವುದು ಕಣ್ಣಿಗೆ ಬಿದ್ದದ್ದರ ಮೇಲೆ, ಅಂದರೆ ನೀನೇ ತೆಗೆದ ಫೋಟೊಗಳ ಮೇಲೆ. ಯಾರ್‍ಯಾರೋ ಕಳಿಸಿದ್ದು ಒಳಗೆ ಹಾಗೇ ಉಳಿದುಬಿಡುತ್ತದೆ.

ಫೋಟೊ ಸ್ಟುಡಿಯೋ ನಡೆಸಿಕೊಂಡೇ ಮುದುಕನಾದವನು ನಾನು. ರೋಲ್ ಹಾಕುತ್ತಿದ್ದ ಕಾಲದಲ್ಲಿ ಸಿಗುತ್ತಿದ್ದದ್ದು 36 ಫೋಟೊ. ಬೇಕೋ ಬೇಡವೋ ಅನ್ನುವುದು ಬಟನ್ ಒತ್ತುವ ಮೊದಲೇ ತೀರ್ಮಾನ ಆಗಿರುತ್ತಿತ್ತು. ಆ ಕಾಲ ವಾಪಸ್ ಬರಲಿ ಅಂತ ನನಗೇನೂ ಇಲ್ಲ. ಈಗ ಕೂಲಿಯವರ ಮನೆಯ ಕೂಸಿಗೂ ಹುಟ್ಟಿದ ದಿನದ ಫೋಟೊ ಇರುತ್ತದೆ, ಅದು ದೊಡ್ಡ ಸಂತೋಷ. ಆದರೆ ಆ ತೀರ್ಮಾನ ಮಾತ್ರ ತಪ್ಪಿಲ್ಲ. ಫೋನ್ ತುಂಬುವವರೆಗೆ ಮುಂದಕ್ಕೆ ಹೋಗಿದೆ ಅಷ್ಟೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ತಂದೆ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಗೆ 12×18 ಇಂಚಿನ ಫೋಟೊ ಬೇಕಿತ್ತು. ಅವನ ಹತ್ತಿರ ಉಳಿದಿದ್ದದ್ದು ವಾಟ್ಸಾಪ್‌ನಲ್ಲಿ ಬಂದ ಒಂದು ಗುಂಪು ಫೋಟೊ. ಉದ್ದದ ಬದಿ ಸುಮಾರು 1600 ಪಿಕ್ಸೆಲ್. ಚೊಕ್ಕವಾಗಿ ಪ್ರಿಂಟ್ ಬರಬೇಕಾದರೆ ಇಂಚಿಗೆ 300 ಪಿಕ್ಸೆಲ್ ಬೇಕು, ಗೋಡೆಗೆ ಹಾಕಿ ದೂರದಿಂದ ನೋಡುವುದಕ್ಕೆ 150 ಆದರೂ ಇರಬೇಕು. ಅಪ್ಪನ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದೆ. ಕನ್ನಡಕದ ಅಂಚು ಮೆಟ್ಟಿಲು ಮೆಟ್ಟಿಲಾಯಿತು, ಕಣ್ಣಿನ ಕಪ್ಪು ರೆಪ್ಪೆಯೊಳಗೆ ಕಲಸಿಹೋಯಿತು. ಮುಖ ತಿದ್ದುವ ಸಾಫ್ಟ್‌ವೇರಿಗೂ ಹಾಕಿ ನೋಡಿದೆ. ಇಲ್ಲದ ವಿವರವನ್ನು ಅದು ಊಹಿಸಿ ತುಂಬುತ್ತದೆ. ಚರ್ಮ ನುಣುಪಾಗಿ, ಕಣ್ಣು ಹೊಳೆಯುತ್ತಾ ಯಾರದೋ ಮುಖ ಬಂತು. ತಾಯಿ ನೋಡಿ, “ಇವರ ಥರ ಇಲ್ಲವಲ್ಲ” ಅಂದರು. ಹೊಲದಲ್ಲಿ ನಿಂತ ಅಪ್ಪನ ಒಳ್ಳೆಯ ಫೋಟೊಗಳನ್ನು ಆ ಹುಡುಗ ತಾನೇ ತೆಗೆದಿದ್ದನಂತೆ. ಫೋನ್ ತುಂಬಿದಾಗ ಅಳಿಸಿದ್ದ. ಅದೇ ಫೋನಿನಲ್ಲಿ ಎರಡು ಗ್ರೂಪುಗಳ ವಿಡಿಯೊಗಳೇ ಹತ್ತು ಜಿಬಿಗಿಂತ ಹೆಚ್ಚು ಜಾಗ ಹಿಡಿದು ಕುಳಿತಿದ್ದವು.

ಅದಕ್ಕೇ ಹೇಳುತ್ತೇನೆ, ಮೊದಲು ಅಳತೆ ನೋಡು, ಆಮೇಲೆ ಅಳಿಸು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆಗೆ. ಐದು ಎಂಬಿಗಿಂತ ದೊಡ್ಡ ಫೈಲುಗಳು ಒಂದು ಕಡೆ, ಹಲವು ಸಲ ಫಾರ್ವರ್ಡ್ ಆಗಿ ಬಂದವು ಇನ್ನೊಂದು ಕಡೆ ಕಾಣುತ್ತವೆ. ಕೆಳಗೆ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ. ಹತ್ತು ನಿಮಿಷ ಕೂತರೆ ಸಾಕು, ಒಂದು ಫೋಟೊವನ್ನೂ ಮುಟ್ಟದೆ ಬೇಕಾದಷ್ಟು ಜಾಗ ಆಗುತ್ತದೆ. ಆಂಡ್ರಾಯ್ಡ್ ಫೋನಾದರೆ ‘ಸೆಂಟ್’ ಅನ್ನುವ ಫೋಲ್ಡರನ್ನೂ ನೋಡು. ನೀನು ಕಳಿಸಿದ ವಿಡಿಯೊಗಳ ಇನ್ನೊಂದು ನಕಲು ಅಲ್ಲಿ ಬಿದ್ದಿರುತ್ತದೆ. ಬೆಳಗಿನ ಶುಭಾಶಯದ ಹೂವಿನ ಚಿತ್ರಗಳು ನಮ್ಮ ದೇಶದ ಫೋನುಗಳನ್ನು ತುಂಬಿಸುತ್ತಿವೆ ಅಂತ 2018ರಲ್ಲೇ ಅಮೆರಿಕದ ಪತ್ರಿಕೆಯೊಂದು ಬರೆದಿತ್ತು. ಗೂಗಲ್‌ನವರು ಅಂಥ ಚಿತ್ರ ಹುಡುಕಿಕೊಡುವ ಸೌಲಭ್ಯವನ್ನೇ ತಮ್ಮ ಫೈಲ್ಸ್ ಆ್ಯಪ್‌ನಲ್ಲಿ ತಂದರು. ಕಳಿಸುವ ದೊಡ್ಡವರ ಮೇಲೆ ಸಿಡುಕಬೇಡ. ಪ್ರೀತಿಯಿಂದ ಕಳಿಸುತ್ತಾರೆ. ನಿನ್ನ ಫೋನಿನ ಆಟೊ ಡೌನ್‌ಲೋಡ್ ನಿಲ್ಲಿಸಿದರೆ ಮುಗಿಯಿತು. ತೆರೆಯಬೇಕು ಅನ್ನಿಸಿದ್ದು ಮಾತ್ರ ಇಳಿಯುತ್ತದೆ.

ಜಾಗಕ್ಕೂ ಬೆಲೆಗೂ ಸಂಬಂಧವೇ ಇಲ್ಲ ಅನ್ನುವುದು ನಿನಗೆ ಗೊತ್ತಿರಬೇಕು. ಒಂದು ನಿಮಿಷದ 4ಕೆ ವಿಡಿಯೊಗೆ ಸುಮಾರು 170 ಎಂಬಿ ಬೇಕು ಅಂತ ಐಫೋನಿನ ಸೆಟ್ಟಿಂಗ್ಸೇ ಬರೆದು ತೋರಿಸುತ್ತದೆ, 1080ಕ್ಕೆ ಇಳಿಸಿದರೆ ಸುಮಾರು 60. ಫೋನಿನಲ್ಲೇ ನೋಡುವ ವಿಡಿಯೊಗೆ ಅಷ್ಟು ಧಾರಾಳ. ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಒಂದು ನಿಮಿಷಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ. ಆ ಒಂದು ನಿಮಿಷದ 4ಕೆ ವಿಡಿಯೊ ಹಿಡಿಯುವ ಜಾಗದಲ್ಲಿ ನಿನ್ನ ಅಜ್ಜಿ ಐದು ತಾಸು ಮಾತಾಡಬಹುದು. ‘ಊಟ ಮಾಡಿದೆಯೇನೋ, ಮಳೆ ಬಂತೇನೋ’ ಅಂತ ಅಜ್ಜಿ ಕಳಿಸಿದ್ದನ್ನು ‘ಕ್ಲಿಯರ್ ಚಾಟ್’ ಒತ್ತಿ ಒಂದೇ ಏಟಿಗೆ ಕಳೆದುಕೊಳ್ಳಬೇಡ. ಅಂಥವಕ್ಕೆಲ್ಲ ಇಂದೇ ಸ್ಟಾರ್ ಹಾಕಿಡು. ಚಾಟ್ ಅಳಿಸುವಾಗ ಸ್ಟಾರ್ ಇರುವುದನ್ನು ಉಳಿಸಿಕೊಳ್ಳುವ ಆಯ್ಕೆ ಕೊಡುತ್ತದೆ. ಬಹಳ ದಿನ ಆದಮೇಲೆ ಅಳಿಸಿಹೋದದ್ದು ಮತ್ತೆ ಡೌನ್‌ಲೋಡ್ ಆಗುವುದಿಲ್ಲ, ಕಳಿಸಿದವರನ್ನೇ ಕೇಳಬೇಕು. ಕಳಿಸಿದವರು ಎಲ್ಲ ಕಾಲಕ್ಕೂ ಇರುವುದಿಲ್ಲ, ಮಗೂ.

‘ಗೂಗಲ್ ಫೋಟೋಸ್‌ನಲ್ಲಿ ಎಲ್ಲ ಇದೆಯಲ್ಲ’ ಅನ್ನುತ್ತೀಯ. ಸ್ವಲ್ಪ ತಾಳು. ಸಾಮಾನ್ಯವಾಗಿ ಅದಕ್ಕೆ ಹೋಗುವುದು ಕ್ಯಾಮೆರಾದಲ್ಲಿ ತೆಗೆದದ್ದು. ಅತ್ತೆ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಹೋಗಬೇಕಾದರೆ ಆ ಫೋಲ್ಡರನ್ನು ನೀನೇ ಆನ್ ಮಾಡಬೇಕು. ಲೆಕ್ಕವಿಲ್ಲದಷ್ಟು ಫೋಟೊ ಪುಕ್ಕಟೆಯಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಈಗ ಇರುವುದು 15 ಜಿಬಿ, ಅದನ್ನು ಜಿಮೇಲ್, ಡ್ರೈವ್, ಆಂಡ್ರಾಯ್ಡ್ ವಾಟ್ಸಾಪ್‌ನ ಬ್ಯಾಕಪ್ ಎಲ್ಲವೂ ಹಂಚಿಕೊಳ್ಳುತ್ತವೆ. ತುಂಬಿದಮೇಲೆ ಹೊಸ ಫೋಟೊ ಅಲ್ಲಿಗೆ ಹೋಗುವುದಿಲ್ಲ, ನೀನು ಹೋಗುತ್ತಿದೆ ಅಂದುಕೊಂಡೇ ಇರುತ್ತೀಯ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಗೂಗಲ್ ಫೋಟೋಸ್ ಒಳಗೆ ನಿಂತು ಸುಮ್ಮನೆ ಡಿಲೀಟ್ ಒತ್ತಿದರೆ ಫೋನಿನದ್ದೂ ಹೋಗುತ್ತದೆ, ಕ್ಲೌಡ್‌ನದ್ದೂ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಆಗಬೇಕಾದರೆ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’. ತಪ್ಪಿ ಅಳಿಸಿದರೆ ಗಾಬರಿ ಬೇಡ. ಬ್ಯಾಕಪ್ ಆಗಿದ್ದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ.

ಕ್ಲೀನರ್, ಬೂಸ್ಟರ್ ಅಂತ ಬರುವ ಆ್ಯಪ್‌ಗಳ ಸಹವಾಸ ಬೇಡವೇ ಬೇಡ. ಫೋನಿನಲ್ಲೇ ಇರುವ ಸ್ಟೋರೇಜ್ ಪುಟ ಸಾಕು. ಆಂಡ್ರಾಯ್ಡ್ ಆದರೆ ಅಲ್ಲಿ ಒಂದು ಆ್ಯಪ್ ಆರಿಸಿ ‘ಕ್ಲಿಯರ್ ಕ್ಯಾಶೆ’ ಒತ್ತಿದರೆ ನಷ್ಟವಿಲ್ಲ. ಪಕ್ಕದ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಮುಟ್ಟಿದರೆ ಆ ಆ್ಯಪ್ ಹೊಸದಾಗಿ ಹಾಕಿಕೊಂಡ ಸ್ಥಿತಿಗೆ ಬರುತ್ತದೆ. ಫೋನನ್ನು ಕಂಠಮಟ್ಟ ತುಂಬಿಸಲೂ ಬೇಡ. ಒಳಗಿನ ಮೆಮೊರಿಗೆ ಬರೆಯಲು, ಅಳಿಸಲು ಒಂದಿಷ್ಟು ಖಾಲಿ ಜಾಗ ಬೇಕು, ಇಲ್ಲದಿದ್ದರೆ ನಿಧಾನವಾಗುತ್ತದೆ, ಅಪ್‌ಡೇಟೂ ಆಗುವುದಿಲ್ಲ. ಹತ್ತರಲ್ಲಿ ಒಂದು ಪಾಲು ಬಿಟ್ಟಿರು. ಡ್ರೈವಿಂಗ್ ಲೈಸೆನ್ಸ್, ಮಾರ್ಕ್ಸ್ ಕಾರ್ಡ್‌ಗಳ ಹತ್ತಾರು ನಕಲೂ ಬೇಕಿಲ್ಲ. ಅವುಗಳಿಗೆ 2015ರಿಂದ ಡಿಜಿಲಾಕರ್ ಇದೆ.

ಉಳಿಯಬೇಕಾದದ್ದಕ್ಕೆ ಎರಡು ಕಡೆ ನಕಲು ಇರಲಿ. ಒಂದು ಕ್ಲೌಡ್‌ನಲ್ಲಿ, ಇನ್ನೊಂದು ಮನೆಯಲ್ಲಿ, ಕೈಗೆ ಸಿಗುವ ಕಡೆ. ಫೋನಿಗೆ ನೇರವಾಗಿ ಹಾಕುವ ಓಟಿಜಿ ಪೆನ್‌ಡ್ರೈವ್ ತಂದುಕೋ. ಮನೆಯವರು ಮನೆಯವರಿಗೇ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲಿ, ಆಗ ಪಿಕ್ಸೆಲ್ ಕಡಿಮೆ ಆಗುವುದಿಲ್ಲ. ತಿಂಗಳಿಗೊಮ್ಮೆ, ಅವಸರ ಇಲ್ಲದ ದಿನ ನೋಡಿ ಕೂತುಕೋ. ಮೊದಲು ಮನೆಯವರ ಫೋಟೊ, ಅಜ್ಜಿಯ ವಾಯ್ಸ್ ಮೆಸೇಜ್ ಪೆನ್‌ಡ್ರೈವ್‌ಗೆ ಹೋಗಲಿ. ಅದನ್ನು ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಫೋಟೊ ತೆರೆದು ನೋಡು, ಒಂದೆರಡು ಧ್ವನಿ ಕೇಳು. ಎಲ್ಲ ಸರಿಯಾಗಿ ತೆರೆದ ಮೇಲಷ್ಟೇ ಫೋನಿನಲ್ಲಿ ಅಳಿಸಲು ಶುರುಮಾಡು.