ಹಳೆಯ ಸದ್ದನ್ನು ಎತ್ತಿಟ್ಟುಕೊಂಡು ಹೊಸದನ್ನು ತುಂಬು

ತಮ್ಮಾ, ನಿನ್ನ ಪುಟ್ಟ ರೈಲಿನ ಎಂಜಿನ್ನಿಗೆ ಹೊಸ ಸದ್ದು ತುಂಬುವವನಿದ್ದೀಯ, ಜೊತೆಗೆ ಕಂಟ್ರೋಲ್ ಸಾಫ್ಟ್‌ವೇರನ್ನೂ ಅಪ್‌ಡೇಟ್ ಮಾಡುವವನಿದ್ದೀಯ ಅಂತ ಕೇಳಿ ಖುಷಿಯಾಯಿತು. ಧಾರಾಳವಾಗಿ ಮಾಡು. ಆದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಎಂಜಿನ್ನಿನೊಳಗೆ ಕೂತು ಆಜ್ಞೆ ಪಾಲಿಸುವ ಡಿಕೋಡರಿನಲ್ಲಿ ಈಗಿರುವ ಸದ್ದನ್ನು ಒಮ್ಮೆ ಅಳಿಸಿದರೆ ಅದನ್ನು ಅಲ್ಲಿಂದ ಮತ್ತೆ ಹೊರಗೆ ತೆಗೆಯಲು ಬರುವುದಿಲ್ಲ. ಈಎಸ್‌ಯು ಕಂಪನಿಯ ಲೋಕ್‌ಪ್ರೋಗ್ರಾಮರ್ ಎಂಬ ಸಾಧನ ಡಿಕೋಡರಿನ ಸೆಟ್ಟಿಂಗ್‌ಗಳನ್ನು ಓದಿ ಕೊಡುತ್ತದೆ, ಸದ್ದನ್ನು ಓದಿ ಕೊಡುವುದಿಲ್ಲ. ಮೂಲ ಫೈಲು ನಿನ್ನ ಕೈಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇದೆ. ತಂಗಿಯರು ಯಾರಾದರೂ ಈ ಹವ್ಯಾಸಕ್ಕೆ ಇಳಿದಿದ್ದರೆ ಅವರಿಗೂ ಇದೇ ಮಾತು.

ಮೊದಲು ಯಾವುದನ್ನು ಅಪ್‌ಡೇಟ್ ಮಾಡುತ್ತಿದ್ದೀಯ ಎಂಬುದು ನಿನಗೆ ಸ್ಪಷ್ಟವಾಗಿರಲಿ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಹಳಿಯಲ್ಲಿ ಕರೆಂಟೂ ಆಜ್ಞೆಯೂ ಒಟ್ಟಿಗೇ ಹರಿಯುತ್ತವೆ. ಜರ್ಮನಿಯ ಲೆನ್ಜ್ ಕಂಪನಿಯ ಕೆಲಸವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ಮಾನಕ ಗೊತ್ತುಮಾಡಿತು. ಅದರಿಂದಲೇ ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಎಂಜಿನ್ ಓಡುತ್ತದೆ. ಇಲ್ಲಿ ಸಾಫ್ಟ್‌ವೇರ್ ಮೂರು ಕಡೆ ಇದೆ: ಆಜ್ಞೆ ಕಳಿಸುವ ಪೆಟ್ಟಿಗೆಯಲ್ಲಿ ಒಂದು, ಎಂಜಿನ್ ಒಳಗಿನ ಡಿಕೋಡರಿನಲ್ಲಿ ಒಂದು, ಆ ಡಿಕೋಡರಿಗೆ ತುಂಬಿದ ಸದ್ದಿನ ಫೈಲು ಇನ್ನೊಂದು. ಮೂರನ್ನೂ ಒಂದೇ ದಿನ ಬದಲಿಸಲು ಹೋಗಬೇಡ. ಏನಾದರೂ ಕೆಟ್ಟರೆ ಕೆಟ್ಟದ್ದು ಯಾವುದರಿಂದ ಎಂದು ಯಾರಿಂದಲೂ ಹೇಳಲಾಗುವುದಿಲ್ಲ. ಒಂದನ್ನು ಬದಲಿಸು, ಎಂಜಿನ್ ಓಡಿಸಿ ನೋಡು, ಮಾರನೆಯ ದಿನ ಇನ್ನೊಂದಕ್ಕೆ ಕೈಹಾಕು.

ಈಗ ಡಿಕೋಡರಿನ ವಿಷಯ. ಇದರ ಸೆಟ್ಟಿಂಗ್‌ಗಳಿಗೆ ಸಿವಿ ಅನ್ನುತ್ತಾರೆ, ಒಂದೊಂದಕ್ಕೂ ಒಂದೊಂದು ನಂಬರ್. ಸಿವಿ 8ನ್ನು ಓದಿದರೆ ಡಿಕೋಡರ್ ಯಾವ ಕಂಪನಿಯದು ಎಂದು ತಿಳಿಯುತ್ತದೆ: 151 ಬಂದರೆ ಈಎಸ್‌ಯು, 145 ಬಂದರೆ ಜಿಮೊ, 141 ಬಂದರೆ ಸೌಂಡ್‌ಟ್ರಾಕ್ಸ್. ಸಿವಿ 7 ಅದರ ಆವೃತ್ತಿ ಹೇಳುತ್ತದೆ. ಇವೆರಡನ್ನೂ ಓದದೆ ಯಾವ ಫೈಲನ್ನೂ ಡೌನ್‌ಲೋಡ್ ಮಾಡಬೇಡ. ಈಎಸ್‌ಯು ಕಂಪನಿಯದೇ ಲೋಕ್‌ಸೌಂಡ್ 4 ಡಿಕೋಡರಿಗೆ ಮಾಡಿದ ಫೈಲು ಲೋಕ್‌ಸೌಂಡ್ 5ಕ್ಕೆ ಹೊಂದುವುದಿಲ್ಲ. ಜಿಮೊದ ಫೈಲು ಈಎಸ್‌ಯು ಡಿಕೋಡರಿಗಂತೂ ಹತ್ತುವುದೇ ಇಲ್ಲ. ಸೌಂಡ್‌ಟ್ರಾಕ್ಸ್‌ನ ಡಿಕೋಡರ್ ನಿನ್ನದಾಗಿದ್ದರೆ ಹೊರಗಿನ ಸದ್ದು ತುಂಬುವ ಆಸೆಯನ್ನೇ ಬಿಡಬೇಕು, ಒಳಗೆ ಕೊಟ್ಟಿರುವುದರಲ್ಲೇ ಆರಿಸಿಕೊಳ್ಳಬೇಕು.

ಆಮೇಲೆ ಎಲ್ಲ ಸಿವಿಗಳನ್ನೂ ಒಮ್ಮೆ ಓದಿಸಿ ಎತ್ತಿಡು. ಲೋಕ್‌ಪ್ರೋಗ್ರಾಮರ್ ಇಲ್ಲದಿದ್ದರೆ ಚಿಂತೆ ಬೇಡ. ಜೆಎಂಆರ್‌ಐ ತಂಡದ ಡಿಕೋಡರ್‌ಪ್ರೊ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಪೂರ್ತಿ ಓದಲು ಸಮಯ ಹಿಡಿಯುತ್ತದೆ, ಕಾದು ಕೂತುಕೋ. ನೋಟ್‌ಬುಕ್ಕಿನಲ್ಲೂ ನಾಲ್ಕು ಅಂಕಿ ಬರೆದಿಡು: ವಿಳಾಸ, ಸಿವಿ 3, ಸಿವಿ 4, ಸಿವಿ 29. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಸದ್ದು ತುಂಬಿದ ಮೇಲೆ ಅಥವಾ ಸಿವಿ 8ಕ್ಕೆ 8 ಬರೆದು ರೀಸೆಟ್ ಮಾಡಿದ ಮೇಲೆ ಎಂಜಿನ್ ಅಲುಗದೆ ನಿಲ್ಲುವುದುಂಟು. ಹುಡುಗರು ಡಿಕೋಡರ್ ಸುಟ್ಟಿತೆಂದು ಹೆದರಿ ಎಂಜಿನ್ ಬಿಚ್ಚುತ್ತಾರೆ, ಸಣ್ಣ ತಂತಿ ಕೀಳುತ್ತಾರೆ. ಹೆಚ್ಚಿನ ಸಲ ಏನೂ ಸುಟ್ಟಿರುವುದಿಲ್ಲ. ನೀನು ಕೊಟ್ಟಿದ್ದ ನಾಲ್ಕಂಕಿಯ ವಿಳಾಸ ಹೋಗಿ ಕಾರ್ಖಾನೆಯ ವಿಳಾಸ 3 ಬಂದು ಕೂತಿರುತ್ತದೆ. 3ನ್ನು ಕರೆದು ನೋಡು, ಓಡುತ್ತದೆ. ಮತ್ತೆ ನಿನ್ನ ವಿಳಾಸವನ್ನೂ ಬರೆದಿಟ್ಟ ಸಿವಿ 3, ಸಿವಿ 4ರ ಅಂಕಿಗಳನ್ನೂ ಕೊಟ್ಟು, ಸಿವಿ 29ರಲ್ಲಿ ಬರೆದಿಟ್ಟ ಅಂಕಿಯನ್ನು, ಹೆಚ್ಚಾಗಿ ಅದು 38, ಹಾಕಿದರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತಾಗುತ್ತದೆ.

ಸದ್ದಿನದು ಇಷ್ಟು ಸುಲಭವಲ್ಲ. ಕಂಪನಿಯ ಸೈಟಿನಲ್ಲಿ ನಿನ್ನ ಎಂಜಿನ್ನಿನ ಮೂಲ ಫೈಲು ಸಿಗುತ್ತದೆಯೇ ಎಂದು ಮೊದಲು ಹುಡುಕು. ಎಂಜಿನ್ ತಯಾರಿಸಿದವರೇ ತಮಗಾಗಿ ಮಾಡಿಸಿಕೊಂಡ ಸದ್ದಾಗಿದ್ದರೆ ಅದು ಅಲ್ಲಿ ಇರಬೇಕೆಂದೇನಿಲ್ಲ. ಸಿಕ್ಕದಿದ್ದರೆ ಅಳಿಸಬೇಡ. ಅಳಿಸಲೇಬೇಕೆಂದಿದ್ದರೆ ಮೊದಲು ಎಂಜಿನ್ನನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟ ಹಳಿಯಲ್ಲಿ ನಿಲ್ಲಿಸಿ, ಫ್ಯಾನ್ ಆರಿಸಿ, ಆಜ್ಞೆಯ ಪೆಟ್ಟಿಗೆಯ ಎಫ್1 ಗುಂಡಿಯಿಂದ ಕೊನೆಯ ಗುಂಡಿಯವರೆಗೆ ಒಂದೊಂದೇ ಒತ್ತಿ ರೆಕಾರ್ಡ್ ಮಾಡಿಕೋ. ಮೂಲ ಫೈಲು ಸಿಕ್ಕಿದರೆ ಅದರ ಹೆಸರು ಬದಲಿಸದೆ ಪೆನ್‌ಡ್ರೈವಿನಲ್ಲೊಂದು, ಬೇರೆ ಮನೆಯಲ್ಲಿರುವ ಯಾರದಾದರೂ ಕಂಪ್ಯೂಟರಿನಲ್ಲೊಂದು ಇಡು. ಬೀಜದ ಭತ್ತವನ್ನು ಊಟದ ಅಕ್ಕಿಗೆ ಬೆರೆಸದೆ ಬೇರೆಯೇ ಇಡುತ್ತೇವಲ್ಲ, ಹಾಗೆ. ತಿದ್ದುವುದೆಲ್ಲ ನಕಲಿನಲ್ಲೇ ನಡೆಯಲಿ.

ನಮ್ಮ ಸೀಮೆಯದೇ ಆದ ಎಚ್ಚರಿಕೆಗಳೂ ಇವೆ, ಅವನ್ನು ಹೊರಗಿನವರು ಬರೆದ ಕೈಪಿಡಿಯಲ್ಲಿ ಕಾಣೆ. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಅಪ್‌ಡೇಟ್ ಶುರುಮಾಡಲೇಬೇಡ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ದೊಡ್ಡ ಸದ್ದಿನ ಫೈಲು ಹಳಿಯ ಮೂಲಕ ಡಿಕೋಡರಿಗೆ ಇಳಿಯಲು ಹತ್ತಾರು ನಿಮಿಷ ಬೇಕು. ಅರ್ಧಕ್ಕೆ ನಿಂತರೆ ಸದ್ದನ್ನಾದರೂ ಸಾಮಾನ್ಯವಾಗಿ ಮೊದಲಿಂದ ಬರೆಯಬಹುದು. ಫರ್ಮ್‌ವೇರ್ ಅರ್ಧಕ್ಕೆ ನಿಂತರೆ ಕೆಲವು ಸಾಧನಗಳು ಏಳುವುದೇ ಇಲ್ಲ, ಪಾರ್ಸೆಲ್ ಮಾಡಿ ಪರದೇಶಕ್ಕೆ ಕಳಿಸಬೇಕಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಹಳಿಗೆ ಕರೆಂಟ್ ಕೊಡುವ ಅಡಾಪ್ಟರ್ ಯುಪಿಎಸ್ ಮೇಲಿರಲಿ, ಲ್ಯಾಪ್‌ಟಾಪ್ ತಾನಾಗಿ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸು. ಮೊಬೈಲ್ ನೆಟ್ ನಂಬಿಕೊಂಡು ನೇರವಾಗಿ ಅಪ್‌ಡೇಟ್ ಮಾಡಬೇಡ. ಫೈಲನ್ನು ಮೊದಲು ಪೂರ್ತಿ ಇಳಿಸಿಕೋ, ಅದರ ಗಾತ್ರ ಸೈಟಿನಲ್ಲಿ ಹೇಳಿದಷ್ಟೇ ಇದೆಯೇ ನೋಡು, ಆಮೇಲೆ ಕೆಲಸ.

ಇನ್ನು ತೇವ. ಆಗುಂಬೆ ನಿನ್ನ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ, ಮಳೆಯ ಬಗ್ಗೆ ನಿನಗೆ ನಾನು ಹೇಳಬೇಕಾದ್ದಿಲ್ಲ. ಆ ಗಾಳಿಗೆ ಹಳಿಯ ಮೇಲೂ ಚಕ್ರದ ಮೇಲೂ ಕಣ್ಣಿಗೆ ಕಾಣದ ಕಿಲುಬು ಕೂರುತ್ತದೆ. ಓಡುವಾಗ ಎಂಜಿನ್ ಅದನ್ನು ಹೇಗೋ ದಾಟುತ್ತದೆ, ಪ್ರೋಗ್ರಾಮಿಂಗ್ ಮಾಡುವಾಗ ದಾಟುವುದಿಲ್ಲ, ಓದಿದ ಅಂಕಿಯೇ ತಪ್ಪು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಬಟ್ಟೆಯಿಂದ ಹಳಿ, ಚಕ್ರ ಎರಡನ್ನೂ ಒರೆಸಿದ ಮೇಲೆಯೇ ಕೇಬಲ್ ಜೋಡಿಸು. ಪ್ರೋಗ್ರಾಮಿಂಗ್ ಹಳಿಯ ತುಂಡು ದೊಡ್ಡ ಹಳಿಯಿಂದ ಪೂರ್ತಿ ಬೇರೆ ಇರಲಿ, ಎರಡು ಪೆಟ್ಟಿಗೆಗಳ ಕರೆಂಟ್ ಒಂದೇ ಹಳಿಗೆ ಸೇರಕೂಡದು.

ಆಜ್ಞೆಯ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಸು ಕಡಿಮೆ ಇದ್ದರೆ ಡಿಸಿಸಿ-ಇಎಕ್ಸ್ ನೋಡು. ಆರ್ಡುಯಿನೊ ಮೆಗಾ ಬೋರ್ಡು, ಮೇಲೊಂದು ಮೋಟಾರ್ ಶೀಲ್ಡ್, ಸಾಫ್ಟ್‌ವೇರ್ ಪೂರಾ ಉಚಿತ. ಇಂಜಿನಿಯರಿಂಗ್ ಓದುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಪ್‌ಡೇಟ್ ಮಾಡುವ ಮೊದಲು ನೀನು ಬರೆದ ಕಾನ್ಫಿಗ್ ಫೈಲನ್ನೂ ಆಟೊಮೇಷನ್ ಫೈಲನ್ನೂ ಬೇರೆ ಫೋಲ್ಡರಿಗೆ ಹಾಕಿಕೋ. ಯಾವ ಪೆಟ್ಟಿಗೆಯಾದರೂ ಸರಿ, ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಓದು. ನಿನಗಿರುವ ತೊಂದರೆ ಅದರಲ್ಲಿ ಸರಿಹೋಗಿದ್ದರೆ ಹಾಕು, ಇಲ್ಲದಿದ್ದರೆ ಚೆನ್ನಾಗಿ ಓಡುತ್ತಿರುವುದನ್ನು ಓಡಲು ಬಿಡು. ಶಾಲೆಯ ವಸ್ತುಪ್ರದರ್ಶನದ ಹಿಂದಿನ ರಾತ್ರಿಯಂತೂ ಯಾವುದನ್ನೂ ಮುಟ್ಟಬೇಡ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಯಾವ ಸದ್ದು ತುಂಬುತ್ತೀಯ?

ನಿನ್ನ ಮೇಜಿನ ಮೇಲೆ ಅರಸಾಳು ನಿಲ್ದಾಣ ಮಾಡಬೇಕೆಂದಿದ್ದೀಯಲ್ಲ. ಹೊಸನಗರ ತಾಲ್ಲೂಕಿನ ಆ ನಿಲ್ದಾಣವನ್ನೇ ಶಂಕರ್ ನಾಗ್ ತಮ್ಮ ಟಿವಿ ಧಾರಾವಾಹಿಗೆ ಮಾಲ್ಗುಡಿ ಮಾಡಿಕೊಂಡದ್ದು. ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆ ಕಾಲದ ಅರಸಾಳಾದರೆ ಮೀಟರ್ ಗೇಜು. ಎಚ್‌ಒ ಅಳತೆಯಲ್ಲಿ, ಅಂದರೆ 87ಕ್ಕೆ 1ರಂತೆ, ಮೀಟರ್ ಗೇಜಿಗೆ 12 ಮಿಲಿಮೀಟರ್ ಹಳಿ ಬೇಕು. ಎಚ್‌ಒದ ಮಾಮೂಲಿ 16.5 ಮಿಲಿಮೀಟರ್ ಹಳಿ ನಮ್ಮ ಬ್ರಾಡ್‌ಗೇಜಿಗೂ ಸರಿಯಾಗಿ ಕೂರುವುದಿಲ್ಲ. ಲೆಕ್ಕ ಹಾಕಿದರೆ 19 ಮಿಲಿಮೀಟರ್ ದಾಟುತ್ತದೆ. ಆದರೂ ಎಲ್ಲರೂ 16.5ರ ಮೇಲೆಯೇ ಓಡಿಸುತ್ತಾರೆ, ಅದು ಹೋಗಲಿ. ಹಳಿಯಲ್ಲಿ ರಾಜಿಯಾದರೂ ಸದ್ದಿನಲ್ಲಿ ಆಗಬೇಡ.

ಮೀಟರ್ ಗೇಜಿನ ಡೀಸೆಲ್ ಎಂಜಿನ್ ವೈಡಿಎಂ-4ರ ಹೊಟ್ಟೆಯಲ್ಲಿದ್ದದ್ದು ಆಲ್ಕೊ 251, ಆರು ಸಿಲಿಂಡರಿನದು. ಬ್ರಾಡ್‌ಗೇಜಿನ ಡಬ್ಲ್ಯುಡಿಎಂ-2ರಲ್ಲಿದ್ದದ್ದೂ ಆಲ್ಕೊ 251, ಆದರೆ ಹದಿನಾರು ಸಿಲಿಂಡರ್. ಹೆಸರು ಒಂದೇ ಎಂದು ಹದಿನಾರರ ಸದ್ದನ್ನು ಆರಕ್ಕೆ ತುಂಬಿದರೆ ಕೇಳಿ ಗೊತ್ತಿದ್ದವರ ಕಿವಿ ಒಪ್ಪುವುದಿಲ್ಲ. 2011ರ ಹೊತ್ತಿಗೆ ಅರಸಾಳಿನ ಮಾರ್ಗ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಆಯಿತು. ಆಮೇಲಿನ ಕಾಲದ ಡಬ್ಲ್ಯುಡಿಪಿ-4 ಮಾಡುವುದಾದರೆ ಅದು ಇಎಂಡಿ 710, ಎರಡು ಸ್ಟ್ರೋಕಿನದು, ಅದರ ಉಸಿರೇ ಬೇರೆ. ಆಲ್ಕೊ ನಾಲ್ಕು ಸ್ಟ್ರೋಕಿನದು, ನಿಂತಲ್ಲಿ ನಿಂತಾಗಲೂ ಒಂದು ತಾಳ ತಪ್ಪಿ ಮತ್ತೆ ಹಿಡಿದಂತೆ ಗುಡುಗುಡಿಸುತ್ತಿರುತ್ತದೆ.

ಆಲ್ಕೊ, ಇಎಂಡಿ ಎರಡೂ ಅಮೆರಿಕದ ಮೂಲದವು. ಅದು ನಿನ್ನ ಪುಣ್ಯ. ಅಮೆರಿಕದ ಮಾದರಿಗಳಿಗೆಂದು ಮಾಡಿದ ಫೈಲುಗಳಲ್ಲಿ ಇವುಗಳ ಸದ್ದು ಸಿಗುತ್ತದೆ. ಎಂಜಿನ್ನಿನ ಸದ್ದನ್ನು ಹಾಗೇ ಇಟ್ಟುಕೋ, ಉಳಿದದ್ದನ್ನು ತಿದ್ದು. ಆ ಫೈಲುಗಳಲ್ಲಿ ಎಫ್1 ಒತ್ತಿದರೆ ಗಂಟೆ ಹೊಡೆಯುತ್ತದೆ. ನಮ್ಮ ಡೀಸೆಲ್ ಎಂಜಿನ್ನುಗಳಲ್ಲಿ ಗಂಟೆ ಇಲ್ಲ, ತೆಗೆದುಹಾಕು. ಎಫ್2ರ ಹಾರನ್ ಅಲ್ಲಿಯದು, ನಾಲ್ಕೈದು ಸ್ವರ ಒಟ್ಟಿಗೆ ಕೂಗುವಂಥದ್ದು. ಅದು ಕೇಳಿಸಿದರೆ ನಿನ್ನ ಅರಸಾಳು ಅರಸಾಳಾಗಿ ಉಳಿಯುವುದಿಲ್ಲ. ನಮ್ಮ ಎಂಜಿನ್ನಿನ ಹಾರನ್ನನ್ನು ನೀನೇ ಹೋಗಿ ರೆಕಾರ್ಡ್ ಮಾಡಿ ತಂದು ಅಲ್ಲಿ ಕೂರಿಸು. ಗಂಟೆ ತೆಗೆದ ಜಾಗಕ್ಕೆ ಹಳದಿ ಫ್ಲಾಷರ್ ದೀಪದ ಗುಂಡಿ ಕೊಡಬಹುದು.

ರೆಕಾರ್ಡ್ ಮಾಡಲು, ಡೀಸೆಲ್ ಎಂಜಿನ್ ಇನ್ನೂ ಬರುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಂಡು, ತಾಳಗುಪ್ಪಕ್ಕೆ ಹೋಗು. ಅಲ್ಲಿಗೆ ಹಳಿ ಮುಗಿಯುತ್ತದೆ. ಬಂದ ಎಂಜಿನ್ ಬೋಗಿಗಳಿಂದ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಹಾದು, ಇನ್ನೊಂದು ತುದಿಗೆ ಬಂದು ಕೂಡಿಕೊಳ್ಳುತ್ತದೆ. ನಿಂತ ಎಂಜಿನ್ನಿನ ಸದ್ದು, ಕಪ್ಲಿಂಗ್ ಬಿಚ್ಚುವ ಸದ್ದು, ಬ್ರೇಕಿನ ಗಾಳಿ ಬಿಡುವ ಸದ್ದು, ಮೆಲ್ಲನೆ ಹೊರಡುವ ಸದ್ದು, ಎಲ್ಲ ಒಂದೇ ಕಡೆ ಸಿಗುತ್ತವೆ. ಥ್ರಾಟಲ್‌ಗೆ ಎಂಟು ನಾಚ್ ಇದೆ. ಡ್ರೈವರ್ ಅದನ್ನು ಏರಿಸುತ್ತ ಹೋಗುವುದನ್ನು ಹಿಡಿಯಬೇಕಾದರೆ ಸಾಗರ ಜಂಬಗಾರು ನಿಲ್ದಾಣದಿಂದ ಗಾಡಿ ಹೊರಡುವ ಹೊತ್ತಿಗೆ ಎಂಜಿನ್ ಇರುವ ತುದಿಯಲ್ಲಿ, ಪ್ಲಾಟ್‌ಫಾರಂ ಮೇಲೆಯೇ ನಿಲ್ಲು. ಟಿಕೆಟ್ ತೆಗೆದುಕೋ, ದೊಡ್ಡ ಮೈಕ್ ಒಯ್ದರೆ ಸ್ಟೇಷನ್ ಮಾಸ್ಟರನ್ನು ಮೊದಲೇ ಕೇಳು. ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಇಳಿಯಬೇಡ. ಫೋನಿನಲ್ಲಿ ಮಾಡುವುದಾದರೆ ಸದ್ದು ಶುದ್ಧಮಾಡುವ ಸೌಲಭ್ಯವನ್ನು ಆರಿಸು, ಅದು ಎಂಜಿನ್ನಿನ ಗುಡುಗನ್ನೇ ಗಲಾಟೆಯೆಂದು ತಿಳಿದು ಕತ್ತರಿಸುತ್ತದೆ. ಎಂಪಿ3 ಬೇಡ, ವೇವ್ ಫೈಲೇ ಇರಲಿ, 16 ಬಿಟ್, ಮೋನೊ. ಎಂಜಿನ್ ಒಳಗಿನ ಸ್ಪೀಕರ್ ಉಗುರಿನಷ್ಟು ಅಗಲದ್ದು, ತೀರ ತಗ್ಗಿನ ಸ್ವರ ಅದರಿಂದ ಬರುವುದೇ ಇಲ್ಲ. ಅದನ್ನು ನೀನೇ ಕತ್ತರಿಸಿ ಕೊಟ್ಟರೆ ಉಳಿದದ್ದು ಒಡೆಯದೆ ಕೇಳುತ್ತದೆ. ಲೋಕ್‌ಸೌಂಡಿನ ಒಟ್ಟು ದನಿ ಸಿವಿ 63ರಲ್ಲಿದೆ, ಅದನ್ನು ಅರ್ಧಕ್ಕೆ ಇಳಿಸು. ಮನೆಯವರು ನಿನ್ನ ಹವ್ಯಾಸವನ್ನು ಸಹಿಸಿಕೊಳ್ಳಬೇಕಾದರೆ ಇದೂ ಮುಖ್ಯ.

ಈ ಕೆಲಸಕ್ಕೆ ಅವಸರವೂ ಇದೆ. ದೇಶದ ಬ್ರಾಡ್‌ಗೇಜ್ ಹಳಿಗಳು ಬಹುಪಾಲು ವಿದ್ಯುತ್ ತಂತಿಯ ಕೆಳಗೆ ಬಂದಿವೆ, ಆಲ್ಕೊ ಎಂಜಿನ್ನುಗಳು ಒಂದೊಂದಾಗಿ ಸೇವೆಯಿಂದ ಹೊರಗೆ ಹೋಗುತ್ತಿವೆ. ನಮ್ಮ ಮಾರ್ಗದ ಮೀಟರ್ ಗೇಜಿನ ಸದ್ದು ಆಗಲೇ ಹೋಯಿತು. ಶಿವಮೊಗ್ಗ–ತಾಳಗುಪ್ಪದ ನಡುವೆ ಓಡುತ್ತಿದ್ದ ರೈಲ್‌ಬಸ್ಸಿನ ಸದ್ದನ್ನು ಯಾವ ಕಂಪನಿಯೂ ಫೈಲು ಮಾಡಿ ಮಾರುವುದಿಲ್ಲ. ಅದು ಎಲ್ಲಾದರೂ ಉಳಿದಿದ್ದರೆ ನಮ್ಮ ಮನೆಗಳಲ್ಲೇ ಉಳಿದಿರಬೇಕು: ದಿಬ್ಬಣ ರೈಲಿನಲ್ಲಿ ಹೋದ ಮದುವೆಯ ವಿಡಿಯೊದಲ್ಲಿ, ಜೋಗಕ್ಕೆ ಹೋಗಿಬಂದವರ ಕ್ಯಾಸೆಟ್ಟಿನಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಅಂಥ ಟೇಪು ಇದ್ದರೆ ದಯವಿಟ್ಟು ಈ ಮಳೆಗಾಲಕ್ಕೆ ಮುಂಚೆ ಕಪಾಟಿನಿಂದ ಹೊರಗೆ ತೆಗೆದು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಟೇಪಿಗೆ ಬೂಷ್ಟು ಬಂದ ಮೇಲೆ ಅದರಿಂದ ಸದ್ದು ತೆಗೆಯುವುದು ಬಹಳ ಕಷ್ಟ.