ಗಾಯ ಒಂದೇ, ಶಿಕ್ಷೆ ಬೇರೆ ಏಕೆ?



ಕಳೆದ ವರ್ಷ ನನ್ನ ತಮ್ಮ ಟ್ಯೂಷನ್ ಮುಗಿಸಿ ನಡೆದು ಬರುತ್ತಿದ್ದಾಗ ಬೈಕೊಂದು ಡಿಕ್ಕಿ ಹೊಡೆದು ಅವನ ಕಾಲಿನ ಮೂಳೆ ಮುರಿಯಿತು. ಬೈಕ್ ಓಡಿಸುತ್ತಿದ್ದವನು ನನ್ನದೇ ವಯಸ್ಸಿನ ಹುಡುಗ. ಲೈಸೆನ್ಸ್ ಇರಲಿಲ್ಲ. ಆದರೂ ಓಡಿಹೋಗದೆ ತಾನೇ ಆಟೋ ಹಿಡಿದು ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ. ಆ ರಾತ್ರಿ ಅಬ್ಬಾ, “ಅವನನ್ನು ಜೈಲಿಗೇ ಹಾಕಿಸಬೇಕು” ಎಂದರು. ಅಮ್ಮಿ, “ಬೇಕೆಂದು ಮಾಡಿದ್ದಲ್ಲವಲ್ಲ” ಎಂದರು. ಯಾರು ಸರಿ? ನ್ಯಾಯಾಲಯ ಇಂಥ ಶಿಕ್ಷೆಯನ್ನು ಹೇಗೆ ಅಳೆಯುತ್ತದೆ? ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮನಸ್ಸಿನಲ್ಲಿ ಏನಿತ್ತು?

ಮೊದಲ ಪ್ರಶ್ನೆ ಇದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ದುಡುಕು ಅಥವಾ ನಿರ್ಲಕ್ಷ್ಯದಿಂದ ಮೂಳೆ ಮುರಿಯುವಂಥ ತೀವ್ರ ಗಾಯ ಮಾಡಿದರೆ 3 ವರ್ಷದವರೆಗೆ ಜೈಲು ಆಗಬಹುದು (ಕಲಂ 125). ಆದರೆ ಕೊಲ್ಲಬೇಕೆಂದೇ ವಾಹನ ನುಗ್ಗಿಸಿ ಅದೇ ಗಾಯ ಮಾಡಿದರೆ ಅದು ಕೊಲೆ ಯತ್ನ (ಕಲಂ 109). ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಆಗ ವಾಹನವೇ ಆಯುಧ.

2021ರ ಜುಲೈ 28ರಂದು ಜಾರ್ಖಂಡ್‌ನ ಧನಬಾದ್‌ನಲ್ಲಿ ಬೆಳಗಿನ ಓಟಕ್ಕೆ ಹೋಗಿದ್ದ ನ್ಯಾಯಾಧೀಶ ಉತ್ತಮ್ ಆನಂದ್ ಅವರಿಗೆ ಆಟೋ ಡಿಕ್ಕಿ ಹೊಡೆದು ಅವರು ಮೃತಪಟ್ಟರು. ಖಾಲಿ ರಸ್ತೆಯಲ್ಲಿ ಆಟೋ ಅವರತ್ತಲೇ ತಿರುಗಿದ್ದು ಸಿಸಿಟಿವಿಯಲ್ಲಿ ಕಂಡಿತು. 2022ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅದನ್ನು ಕೊಲೆ ಎಂದು ತೀರ್ಮಾನಿಸಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

2. ಅಪಾಯದ ಅರಿವಿತ್ತೇ?

ನಿರ್ಲಕ್ಷ್ಯಕ್ಕೂ ಉದ್ದೇಶಕ್ಕೂ ನಡುವೆ ಇನ್ನೊಂದು ಮೆಟ್ಟಿಲಿದೆ. 2006ರ ನವೆಂಬರ್‌ನಲ್ಲಿ ಮುಂಬೈನ ಬಾಂದ್ರಾದಲ್ಲಿ ಮದ್ಯ ಸೇವಿಸಿದ್ದ ಯುವಕನೊಬ್ಬನ ಕಾರು ಫುಟ್‌ಪಾತ್‌ನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಯಿತು. 7 ಮಂದಿ ಸತ್ತರು. ಕೆಳ ನ್ಯಾಯಾಲಯ ಇದನ್ನು ನಿರ್ಲಕ್ಷ್ಯವೆಂದು ಕಂಡು 6 ತಿಂಗಳ ಶಿಕ್ಷೆ ಕೊಟ್ಟಿತು. ಹೀಗೆ ಓಡಿಸಿದರೆ ಜನ ಸಾಯಬಹುದೆಂಬ ಅರಿವು ಅವನಿಗಿತ್ತು, ಆದ್ದರಿಂದ ಇದು ಕೊಲೆಯಲ್ಲದ ನರಹತ್ಯೆ ಎಂದು ಹೈಕೋರ್ಟ್ ಶಿಕ್ಷೆಯನ್ನು 3 ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಈ ಶಿಕ್ಷೆಯೂ ಕಡಿಮೆಯೇ ಎಂದಿತು. ಆದರೆ ಹೆಚ್ಚಿಸಬೇಕೆಂದು ಸರ್ಕಾರ ಮೇಲ್ಮನವಿ ಸಲ್ಲಿಸಿರಲಿಲ್ಲ.

3. ಹಣ ಕೊಟ್ಟರೆ ಮುಗಿಯಿತೇ?

ಇಲ್ಲ. ಪಂಜಾಬಿನ ಒಂದು ಪ್ರಕರಣದಲ್ಲಿ ಇಬ್ಬರು ಸತ್ತಿದ್ದರು. ಪರಿಹಾರ ಕೊಟ್ಟಿದ್ದಾನೆಂದು ಹೈಕೋರ್ಟ್ 1 ವರ್ಷದ ಶಿಕ್ಷೆಯನ್ನು ಆಗಲೇ ಕಳೆದಿದ್ದ 24 ದಿನಗಳಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ 6 ತಿಂಗಳು ಮಾಡಿತು. ಶಿಕ್ಷೆ ಅಪರಾಧಕ್ಕೆ ತಕ್ಕಂತಿರಬೇಕು, ಇತರರಿಗೂ ಎಚ್ಚರಿಕೆಯಾಗಬೇಕು ಎಂಬುದು ಅದರ ತಾತ್ಪರ್ಯ.

4. ನಂತರ ಏನು ಮಾಡಿದ?

ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ. ಓಡಿಹೋಗುವುದು ತಪ್ಪಿನ ಮೇಲೆ ಇನ್ನೊಂದು ತಪ್ಪು. ನೆರವಾದದ್ದು, ಹಿಂದೆ ಅಪರಾಧ ಮಾಡದಿರುವುದು, ಪಶ್ಚಾತ್ತಾಪ ಇವನ್ನು ನ್ಯಾಯಾಲಯ ಪರಿಗಣಿಸಬಹುದು. ಆದರೆ ಇವು ಅಪರಾಧವನ್ನು ಅಳಿಸಲಾರವು.

18 ತುಂಬದವರ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ. ಹಾಗೆಂದು ನಿರಾಳವಾಗಬೇಡಿ. 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗದು.

ಇದನ್ನು ಓದಿದಾಗ ಅಬ್ಬಾ ಮತ್ತು ಅಮ್ಮಿ ಇಬ್ಬರ ಮಾತಿನಲ್ಲೂ ನ್ಯಾಯವಿದೆ ಅನ್ನಿಸಿತು. ಉದ್ದೇಶವಿರಲಿಲ್ಲ, ನಿಜ. ಆದರೆ ತಮ್ಮ ಮೂರು ತಿಂಗಳು ಹಾಸಿಗೆಯಲ್ಲಿದ್ದದ್ದೂ ನಿಜ. ಅಬ್ಬಾ ದೂರು ಕೊಟ್ಟರು. ಹುಡುಗ ತಾನೇ ಆಸ್ಪತ್ರೆಗೆ ಕರೆತಂದದ್ದನ್ನೂ ಅದರಲ್ಲಿ ಬರೆಸಿದರು.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ನನಗಿನ್ನೂ 17 ವರ್ಷ. ಆ ದಿನದವರೆಗೆ ನಾನೂ ಮಾಮೂ ಅವರ ಬೈಕಿನಲ್ಲೇ ಕಾಲೇಜಿಗೆ ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಕೀಲಿ ಹಿಂದಿರುಗಿಸಿದೆ. ಈಗ ಬಸ್ಸಿನಲ್ಲಿ ಬರುತ್ತೇನೆ; ಕೆಲವೊಮ್ಮೆ ಮೊದಲ ಪಿರಿಯಡ್‌ಗೆ ಐದು ನಿಮಿಷ ತಡವಾಗುತ್ತದೆ. ಉಪನ್ಯಾಸಕರು ದಯವಿಟ್ಟು ಮನ್ನಿಸಬೇಕು.